ಸೈಟ್ ಓಪನ್ ಆಗದಿದ್ದರೆ ಬ್ಯಾನ್ ಆಗಿದೆ ಅಂತಲೇ ಅಲ್ಲ

"ನಮ್ ಸೈಟ್ ಬ್ಯಾನ್ ಮಾಡವ್ರೆ ಕಣಣ್ಣ!" ಕನಕಪುರದಿಂದ ನಮ್ಮ ಬಳಗದ ಹುಡುಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದ. ಚನ್ನಪಟ್ಟಣದಲ್ಲಿ ನನ್ನ ಮೊಬೈಲಿನಲ್ಲಿ ಅದೇ ಸೈಟ್ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಅವತ್ತು ಬೆಳಗ್ಗೆಯಷ್ಟೇ ಹೋಸ್ಟಿಂಗ್ ಕಂಪನಿ ಬದಲಿಸಿ, ನೇಮ್‌ಸರ್ವರ್‌ಗಳನ್ನೂ ಬದಲಿಸಿದ್ದೆವು.

ನೇಮ್‌ಸರ್ವರ್ ಅಂದರೆ ಸೈಟಿನ ಹೆಸರು ಕೇಳಿ ಅದರ ಐಪಿ ಅಂಕಿ ಹೇಳುವ ಕಂಪ್ಯೂಟರ್. ಆದರೆ ಎಲ್ಲವೂ ಒಂದೇ ಕೆಲಸ ಮಾಡಲ್ಲ. ನೀವು ಜಿಲ್ಲಾಡಳಿತದ 'ರಾಮನಗರ.ಎನ್‌ಐಸಿ.ಇನ್' ತೆರೆಯಲು ಹೊರಟರೆ ಪ್ರಶ್ನೆ ಮೊದಲು ಹೋಗುವುದು ಸಾಮಾನ್ಯವಾಗಿ ನಿಮ್ಮ ಇಂಟರ್ನೆಟ್ ಕಂಪನಿಯ ರಿಸಾಲ್ವರ್‌ಗೆ. ಅದಕ್ಕೆ ಸ್ವಂತ ದಾಖಲೆ ಇಲ್ಲ, ನಿಮ್ಮ ಪರವಾಗಿ ಓಡಾಡುತ್ತೆ ಅಷ್ಟೆ. ರೂಟ್ ಸರ್ವರ್‌ಗೆ (ಜಗತ್ತಿಗೆಲ್ಲ 13 ಹೆಸರು, ಯಂತ್ರಗಳು ಸಾವಿರಕ್ಕೂ ಹೆಚ್ಚು) ಕೇಳಿದರೆ "ಡಾಟ್ ಇನ್ ನೋಡ್ಕೊಳ್ಳೋರನ್ನ ಕೇಳು" ಅನ್ನುತ್ತೆ. ಅವರು ಎನ್‌ಐಸಿಯ ಕಡೆ ಕೈ ತೋರಿಸುತ್ತಾರೆ. ಅಲ್ಲಿರುವ ಅಥಾರಿಟೇಟಿವ್ ಸರ್ವರ್ ಹತ್ತಿರ ಮಾತ್ರ ಅಸಲಿ ಪಹಣಿ. ಅದರಲ್ಲೂ ಪ್ರೈಮರಿಯಲ್ಲಿ ದಾಖಲೆ ತಿದ್ದುತ್ತಾರೆ, ಸೆಕೆಂಡರಿ ಅದರ ನಕಲು ಇಟ್ಟುಕೊಳ್ಳುತ್ತೆ. ಕೇಳುವವರಿಗೆ ಇಬ್ಬರ ಮಾತೂ ಒಂದೇ ತೂಕ.

ಪ್ರತಿ ಸಲ ಇಷ್ಟು ಓಡಾಟ ಬೇಡವೆಂದು ರಿಸಾಲ್ವರ್ ಉತ್ತರವನ್ನು ನೆನಪಿಟ್ಟುಕೊಳ್ಳುತ್ತೆ. ಎಷ್ಟು ಹೊತ್ತು ಅನ್ನುವುದೇ ಟಿಟಿಎಲ್. 86,400 ಸೆಕೆಂಡ್ ಅಂತ ಬರೆದಿದ್ದರೆ ಒಂದು ಇಡೀ ದಿನ. (ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಅನ್ನುವ ಹಿರಿಯರ ಟಿಟಿಎಲ್ ಸ್ವಲ್ಪ ಜಾಸ್ತಿ. 2025ರ ಮೇನಲ್ಲಿ ಸಂಪುಟ ಜಿಲ್ಲೆಗೆ ಒಪ್ಪಿದ 'ಬೆಂಗಳೂರು ದಕ್ಷಿಣ' ಅವರ ಬಾಯಿಗೆ ಬರೋದು ಯಾವಾಗಲೋ!)

ಹಾಗಂತ ಹುಡುಗನ ಅನುಮಾನ ಹುಚ್ಚೇನಲ್ಲ. ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಸೈಟ್‌ಗಳನ್ನು ತಡೆಯಬಹುದು. 2009ರ ನಿಯಮಗಳ ಪ್ರಕಾರ ಆ ಪ್ರಕ್ರಿಯೆ ಗೋಪ್ಯ, ಹಾಗಾಗಿ ಯಾಕೆ ಅಂತ ನಮಗೆ ತಿಳಿಯೋದೇ ಕಷ್ಟ. ಇಂಟರ್ನೆಟ್ ಕಂಪನಿಗಳು ತಡೆ ಹಾಕುವ ಒಂದು ದಾರಿ ಇದೇ ರಿಸಾಲ್ವರ್. ಪಹಣಿ ಸರಿಯಾಗೇ ಇರುತ್ತೆ, ಕೇಳಿಕೊಂಡು ಬಂದವನು ನಮಗೆ ಸುಳ್ಳು ಹೇಳ್ತಾನೆ.

ವ್ಯತ್ಯಾಸ ಗೊತ್ತಾಗಬೇಕಾದರೆ ಲ್ಯಾಪ್‌ಟಾಪಿನಲ್ಲಿ 'ಎನ್‌ಎಸ್‌ಲುಕಪ್' ಕಮಾಂಡ್ ಕೊಟ್ಟು, ಬಂದ ಅಂಕಿ ನೋಡಿ. ಅದೇ ಪ್ರಶ್ನೆಯನ್ನು 8.8.8.8 ಅಥವಾ 1.1.1.1 ರಿಸಾಲ್ವರ್‌ಗೂ ಕೇಳಿ. ಹಳೇ ಹೋಸ್ಟಿನ ಅಂಕಿ ಬಂದರೆ ಅದು ಬರೀ ಹಳೇ ನೆನಪು. ಸಂಬಂಧವೇ ಇಲ್ಲದ ಅಂಕಿ ಬಂದರೆ, ಅಥವಾ ಇಂಥ ಹೆಸರೇ ಇಲ್ಲ ಅಂದರೆ, ಆಗ ಅನುಮಾನ ಪಡಿ.

ಹುಡುಗನಿಗೆ ಬಂದದ್ದು ನಮ್ಮ ಹಳೇ ಹೋಸ್ಟಿನ ಅಂಕಿ. ಮಾರನೇ ಸಂಜೆ "ಬಂತು ಕಣಣ್ಣ" ಅಂತ ಮೆಸೇಜ್ ಹಾಕಿದ. ಅಷ್ಟರಲ್ಲಿ ಬ್ಯಾನ್ ಸುದ್ದಿ ಮಾಗಡಿಯ ಗ್ರೂಪಿಗೂ ಹೋಗಿಯಾಗಿತ್ತು.