ಹೊಂಗೆಯ ನೆರಳಿನಲ್ಲಿ ಅರ್ಧ ಗಂಟೆ

ರೈತ ಬಾಂಧವರೇ, ನಿನ್ನೆ ಮಧ್ಯಾಹ್ನ ಹೊಲದಲ್ಲಿ ನೀವು ಮುದ್ದೆಗೆ ಹಾಕಿಕೊಂಡ ಸಾರು ಯಾವುದು? ತಟ್ಟನೆ ನೆನಪಿಗೆ ಬರದಿದ್ದರೆ ನೀವು ಉಂಡಿಲ್ಲ, ಹೊಟ್ಟೆ ತುಂಬಿಸಿಕೊಂಡಿದ್ದೀರಿ ಅಷ್ಟೆ.

ರಾಗಿ ಹೊಲದಲ್ಲಿ ಕಳೆ ಎದ್ದಿದೆ, ಆಳು ಸಿಗುವುದಿಲ್ಲ, ಮೋಡ ಬೇರೆ ಕಟ್ಟುತ್ತಿದೆ. ಅವಸರ ಇದ್ದದ್ದೇ. ಪಂಪ್‌ಸೆಟ್ ಇರುವವರ ಪಾಡಂತೂ ಕೇಳಬೇಡಿ. ತ್ರೀ ಫೇಸ್ ಕರೆಂಟು ಬಂತೆಂದರೆ ಮುರಿದ ಮುದ್ದೆ ತಟ್ಟೆಯಲ್ಲೇ ಉಳಿಯುತ್ತದೆ.

ನಿಮ್ಮ ಎತ್ತನ್ನು ನೋಡಿ. ನೊಗ ಇಳಿಸಿ ಹುಲ್ಲು ಹಾಕಿದರೆ ಅದೂ ಗಬಗಬನೆ ತಿನ್ನುತ್ತದೆ. ಆದರೆ ಆಮೇಲೆ ನೆರಳಿನಲ್ಲಿ ಮಲಗಿ, ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಅದರ ಹೊಟ್ಟೆಗೆ ನಾಲ್ಕು ಕೋಣೆ, ನಮ್ಮದಕ್ಕೆ ಒಂದೇ. ಎರಡನೆಯ ಸಲ ಅಗಿಯುವ ಭಾಗ್ಯ ನಮಗಿಲ್ಲ. ಮುದ್ದೆಯನ್ನು ನುಂಗುವುದೇ ಸರಿ, ಅಗಿಯಹೊರಟರೆ ಹಿರಿಯರು ನಗುತ್ತಾರೆ. ಆದರೆ ಸಾರಿನ ಸೊಪ್ಪು, ಅಲಸಂದೆ ಕಾಳು, ನಂಚಿಕೊಳ್ಳುವ ಈರುಳ್ಳಿ ಇವಕ್ಕೆ ಹಲ್ಲು ತಾಗಲೇಬೇಕು. ರುಚಿ ಇರುವುದೂ ಅಲ್ಲೇ.

ಉಣ್ಣುತ್ತಿರುವುದು ಸಾಮಾನ್ಯ ಪದಾರ್ಥವೇನಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಕೊನೆಗೆ ಒಂದು ಚೊಂಬು ನೀರು ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ. ಬೆವರಿನಲ್ಲಿ ಹೋಗುವುದು ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಉಂಡೊಡನೆ ಬಿಸಿಲಿಗೆ ಇಳಿಯದೆ ಸ್ವಲ್ಪ ಹೊತ್ತು ಮರಕ್ಕೆ ಒರಗಿ ಕುಳಿತರೆ ಮಧ್ಯಾಹ್ನದ ಮೇಲಿನ ಸಾಲುಗಳು ಭಾರವಾಗುವುದಿಲ್ಲ.

ಔಷಧಿ ಹೊಡೆಯುವ ದಿನ ಮಾತ್ರ ಅವಸರದ ಊಟ ಅಪಾಯಕ್ಕೇ ದಾರಿ. ಕೈಯನ್ನು ಪಂಚೆಗೆ ಒರೆಸಿಕೊಂಡು ಮುದ್ದೆ ಮುರಿಯುವವರನ್ನು ನಾವು ಕಂಡಿಲ್ಲವೇ? ಸಿಂಪಡಿಸಿದ ಕೈಗೆ ಬರೀ ನೀರು ಸಾಲದು. ಸೋಪು ಹಚ್ಚಿ ಕೈ, ಮುಖ ತೊಳೆದು, ಅಂಗಿ ಬದಲಿಸಿ, ಹೊಡೆದ ಬೆಳೆಯಿಂದ ದೂರ, ಗಾಳಿ ಬರುವ ಕಡೆಗೆ ಹೋಗಿ ಕುಳಿತುಕೊಳ್ಳಿ. ಬೀಡಿಗೂ ಇದೇ ಮಾತು. ಬುತ್ತಿಯನ್ನು ಔಷಧಿ ಡಬ್ಬದ ಹತ್ತಿರ ಇಡಲೇಬೇಡಿ. ಖಾಲಿ ಡಬ್ಬದಲ್ಲಿ ಕುಡಿಯುವ ನೀರು ತರುವುದಂತೂ ಕೂಡದು.

ಇನ್ನು ಆ ಬುತ್ತಿ ಹೊತ್ತು ತಂದವರ ವಿಷಯ. ಕೋಳಿ ಕೂಗುವಾಗ ಎದ್ದು, ಹಟ್ಟಿ ಬಳಿದು, ಹಿಟ್ಟು ತೊಳಸಿ, ಕುಕ್ಕೆ ಹೊತ್ತು ನಡೆದು ಬಂದ ಮನೆಯಾಕೆ ನಿಮಗೂ ಆಳುಗಳಿಗೂ ಬಡಿಸಿ, ಉಳಿದರೆ ನಾಲ್ಕು ತುತ್ತು ಉಂಡು ಕಳೆಗೆ ಇಳಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಅವರು ಕುಳಿತು ಉಂಡದ್ದನ್ನು ನೋಡಿದವರಿಲ್ಲ. ನಾಳೆ ಹೊಲಕ್ಕೆ ಹೊರಡುವಾಗ ಇನ್ನೊಂದು ತಟ್ಟೆಯನ್ನು ನೀವೇ ತೆಗೆದುಕೊಂಡು ಹೋಗಿ.