83 ಸೀಟಿನ ಸರ್ಕಾರ, ಒಂದು ದೂರು ಪತ್ರ: ಒಂಟಾರಿಯೊ ಗ್ರೀನ್‌ಬೆಲ್ಟ್ ವಿವಾದದಲ್ಲಿ ವಿರೋಧ ಪಕ್ಷ ಮಾಡಿದ್ದೇನು?

2023ರ ಸೆಪ್ಟೆಂಬರ್ 21ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್ ಡಗ್ ಫೋರ್ಡ್ ನಯಾಗರಾ ಫಾಲ್ಸ್ ನಗರದಲ್ಲಿ ಪತ್ರಕರ್ತರ ಮುಂದೆ ನಿಂತು ಜನರ ಕ್ಷಮೆ ಕೇಳಿದರು. ಗ್ರೀನ್‌ಬೆಲ್ಟ್ ಜಮೀನು ಮುಟ್ಟುವುದಿಲ್ಲ ಎಂದು ಕೊಟ್ಟ ಮಾತನ್ನು ಮುರಿದೆ, ಅದು ತಪ್ಪಾಯಿತು, ಮನೆ ಕಟ್ಟಲು ಬಿಟ್ಟುಕೊಟ್ಟ ಅಷ್ಟೂ ಜಮೀನನ್ನು ವಾಪಸ್ ಸೇರಿಸುತ್ತೇನೆ ಎಂದು ಹೇಳಿದರು. ಪ್ರೀಮಿಯರ್ ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಅಲ್ಲಿನ ಶಾಸನಸಭೆಯ ಒಟ್ಟು ಬಲ 124. ಅದರಲ್ಲಿ ಫೋರ್ಡ್ ಅವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ 2022ರ ಜೂನ್ ಚುನಾವಣೆಯಲ್ಲಿ ಗೆದ್ದದ್ದು 83. ಅಧಿಕೃತ ವಿರೋಧ ಪಕ್ಷವಾದ ಎನ್‌ಡಿಪಿಗೆ ಸಿಕ್ಕಿದ್ದು 31. ಲಿಬರಲ್ ಪಕ್ಷದವರು 8, ಗ್ರೀನ್ ಪಕ್ಷದವರು ಒಬ್ಬರೇ.

ಇಷ್ಟು ದೊಡ್ಡ ಬಹುಮತವಿದ್ದ ಸರ್ಕಾರವನ್ನು ಯಾವ ಮತದಾನದಲ್ಲೂ ಸೋಲಿಸುವ ಶಕ್ತಿ ವಿರೋಧ ಪಕ್ಷಗಳಿಗೆ ಇರಲಿಲ್ಲ. ಆದರೂ ಸರ್ಕಾರ ಹಿಂದೆ ಸರಿಯಿತು, ಇಬ್ಬರು ಸಚಿವರು ಕುರ್ಚಿ ಬಿಟ್ಟರು. ಇದು ಹೇಗಾಯಿತು?

ಏನಿದು ಗ್ರೀನ್‌ಬೆಲ್ಟ್?

ಟೊರಾಂಟೊ ಮಹಾನಗರ ಹಾಗೂ ಅದರ ಸುತ್ತಲಿನ ಊರುಗಳು ಬೆಳೆಯುತ್ತಾ ಹೋಗಿ ಹೊಲ, ಕಾಡು, ಜೌಗು ಪ್ರದೇಶಗಳನ್ನೆಲ್ಲ ನುಂಗಬಾರದೆಂದು 2005ರಲ್ಲಿ ಅಂದಿನ ಲಿಬರಲ್ ಸರ್ಕಾರ ಒಂದು ಕಾನೂನು ತಂದಿತು. ಸುಮಾರು 20 ಲಕ್ಷ ಎಕರೆ ಪ್ರದೇಶವನ್ನು ಕಟ್ಟಡ ನಿರ್ಮಾಣದಿಂದ ಹೊರಗಿಟ್ಟಿತು. ಇಲ್ಲಿ ಬೇಸಾಯ ಮಾಡಬಹುದು, ಲೇಔಟ್ ಮಾಡುವಂತಿಲ್ಲ. ಹಾಗಾಗಿ ಬೇಲಿಯ ಈಚೆಗಿನ ಎಕರೆಗೂ ಆಚೆಗಿನ ಎಕರೆಗೂ ಬೆಲೆಯಲ್ಲಿ ಅಜಗಜಾಂತರ.

2018ರ ಚುನಾವಣೆಗೆ ಮುನ್ನ ಫೋರ್ಡ್, ಗ್ರೀನ್‌ಬೆಲ್ಟ್‌ನ ದೊಡ್ಡ ಭಾಗವನ್ನು ಮನೆ ನಿರ್ಮಾಣಕ್ಕೆ ತೆರೆಯುವ ಮಾತಾಡಿದ್ದ ವಿಡಿಯೊ ಹೊರಬಿತ್ತು. ಗದ್ದಲವಾಯಿತು. ಕೂಡಲೇ ಅವರು ಮಾತು ಬದಲಿಸಿ, ಜನರಿಗೆ ಬೇಡವಾದರೆ ಮುಟ್ಟುವುದಿಲ್ಲ ಎಂದರು. 2022ರಲ್ಲಿ ಎರಡನೇ ಬಾರಿ ಗೆದ್ದು ಐದೇ ತಿಂಗಳಿಗೆ, ನವೆಂಬರ್ 4ರಂದು, ಅವರ ಸರ್ಕಾರ 15 ಜಾಗಗಳಲ್ಲಿ ಒಟ್ಟು ಸುಮಾರು 7,400 ಎಕರೆಯನ್ನು ಗ್ರೀನ್‌ಬೆಲ್ಟ್‌ನಿಂದ ತೆಗೆಯುವ ಪ್ರಸ್ತಾವ ಮುಂದಿಟ್ಟಿತು. ಬದಲಿಗೆ ಬೇರೆ ಕಡೆ 9,400 ಎಕರೆ ಸೇರಿಸುತ್ತೇವೆ, ತೆಗೆದ ಜಾಗದಲ್ಲಿ 50 ಸಾವಿರ ಮನೆ ಬರುತ್ತವೆ ಎಂಬುದು ಸಮರ್ಥನೆ.

ಮನೆಯ ಕೊರತೆ ನಿಜವೇ. ಟೊರಾಂಟೊ ಅಥವಾ ಬ್ರಾಂಪ್ಟನ್‌ನಲ್ಲಿ ಮಕ್ಕಳನ್ನು ಓದಲು ಬಿಟ್ಟಿರುವ ತಂದೆ-ತಾಯಿಯರಿಗೆ ಅಲ್ಲಿನ ಬಾಡಿಗೆಯ ಬಿಸಿ ಚೆನ್ನಾಗಿಯೇ ತಟ್ಟಿದೆ. ಆದರೆ ಸರ್ಕಾರವೇ ನೇಮಿಸಿದ್ದ ವಸತಿ ಕಾರ್ಯಪಡೆ ಅದೇ ವರ್ಷದ ಫೆಬ್ರುವರಿಯಲ್ಲಿ, ಸಮಸ್ಯೆಗೆ ಜಮೀನಿನ ಕೊರತೆ ಕಾರಣವಲ್ಲ ಎಂದು ವರದಿ ಕೊಟ್ಟಿತ್ತು. ಹಾಗಿದ್ದ ಮೇಲೆ ಈ ಜಮೀನೇ ಏಕೆ? ಈ 15 ಜಾಗಗಳನ್ನು ಆರಿಸಿದವರು ಯಾರು?

ಮೊದಲು ಕೆದಕಿದ್ದು ಪತ್ರಕರ್ತರು

ಟೊರಾಂಟೊ ಸ್ಟಾರ್ ಪತ್ರಿಕೆ ಮತ್ತು ದಿ ನಾರ್ವಾಲ್ ಎಂಬ ಸುದ್ದಿತಾಣ ಒಟ್ಟಿಗೆ ಜಮೀನಿನ ದಾಖಲೆ ತಿರುವಿ ಹಾಕಿದವು. 15ರಲ್ಲಿ 8 ಜಾಗಗಳು 2018ರಲ್ಲಿ ಫೋರ್ಡ್ ಅಧಿಕಾರಕ್ಕೆ ಬಂದ ಮೇಲೆ ಕೈ ಬದಲಾಗಿದ್ದವು. ಕಿಂಗ್ ಟೌನ್‌ಶಿಪ್‌ನ ಸುಮಾರು 700 ಎಕರೆ 8 ಕೋಟಿ ಡಾಲರ್‌ಗೆ ಮಾರಾಟವಾದದ್ದಂತೂ 2022ರ ಸೆಪ್ಟೆಂಬರ್‌ನಲ್ಲಿ. ಅಂದರೆ ಸರ್ಕಾರದ ಪ್ರಕಟಣೆಗೆ ಎರಡು ತಿಂಗಳೂ ಇರಲಿಲ್ಲ.

ಬೆಂಗಳೂರಿನ ಡಿನೋಟಿಫಿಕೇಷನ್, ಮುಂಬೈಯ ಆರೆ ಕಾಲೊನಿ ವಿವಾದಗಳನ್ನು ಓದಿ ಬಲ್ಲವರಿಗೆ ಈ ಕಥೆಯ ವಾಸನೆ ಪರಿಚಿತ. ಆದರೆ ವಾಸನೆ ಸಾಕ್ಷಿಯಾಗುವುದಿಲ್ಲ. ಬಿಲ್ಡರ್‌ಗಳು ಜಮೀನು ಕೊಳ್ಳುವುದು ಅವರ ಕಸುಬು, ಅದರಲ್ಲಿ ಅಪರಾಧವೇನಿಲ್ಲ. ಸರ್ಕಾರದ ಒಳಗಿಂದ ಯಾರಿಗೆ ಯಾವಾಗ ಏನು ತಿಳಿಯಿತು ಎಂಬುದು ಗೊತ್ತಾಗಬೇಕಿತ್ತು. ಅದನ್ನು ಪ್ರಮಾಣ ಮಾಡಿಸಿ ಕೇಳುವ ಅಧಿಕಾರ ಪತ್ರಕರ್ತರಿಗಿಲ್ಲ, ವಿರೋಧ ಪಕ್ಷದ ಶಾಸಕರಿಗೂ ಇಲ್ಲ.

ಸದನದಲ್ಲಿ ಸಿಕ್ಕ ಉತ್ತರ

ಒಂಟಾರಿಯೊ ಶಾಸನಸಭೆಯಲ್ಲಿ ಕಲಾಪವಿರುವ ದಿನಗಳಲ್ಲಿ ಬೆಳಗ್ಗೆ ಒಂದು ಗಂಟೆ ಪ್ರಶ್ನೋತ್ತರ ನಡೆಯುತ್ತದೆ. ನಮ್ಮ ಲೋಕಸಭೆಯ ಪ್ರಶ್ನೆಗಳಿಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಅಲ್ಲಿ ಬಾಯಿಮಾತಿನ ಪ್ರಶ್ನೆಗೆ ನೋಟಿಸ್ ಬೇಕಿಲ್ಲ, ಪ್ರೀಮಿಯರ್‌ಗೆ ಎದುರಿಗೇ ಏನನ್ನಾದರೂ ಕೇಳಬಹುದು. ಮೊದಲ ಸರದಿ ವಿರೋಧ ಪಕ್ಷದ ನಾಯಕರದು. ಕೇಳಲು ಚೆನ್ನಾಗಿದೆ. ಆದರೆ ಸಚಿವರು ನೇರ ಉತ್ತರ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಮುಂದಾಗಿ ಬಿಲ್ಡರ್‌ಗಳಿಗೆ ಸುಳಿವು ಕೊಡಲಾಗಿತ್ತೇ ಎಂದು ವಿರೋಧ ಪಕ್ಷದವರು ಕೇಳಿದರೆ, ಸರ್ಕಾರದ ಕಡೆಯವರು ಅದನ್ನು ಅಲ್ಲಗಳೆದು ವಸತಿ ಬಿಕ್ಕಟ್ಟಿನ ಕಡೆ ಮಾತು ತಿರುಗಿಸುತ್ತಿದ್ದರು. ಪ್ರಶ್ನೋತ್ತರದಿಂದ ಆದ ಲಾಭ ಒಂದೇ: ಅಲ್ಲಗಳೆದದ್ದು ಕಡತಕ್ಕೆ ಸೇರಿತು.

ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 30 ದಿನಗಳಲ್ಲಿ 35 ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಬಹುತೇಕ ಎಲ್ಲವೂ ವಿರೋಧವೇ. ಡಿಸೆಂಬರ್‌ನಲ್ಲಿ ಸಂಪುಟ ಪ್ರಸ್ತಾವವನ್ನು ಏನೂ ಬದಲಿಸದೆ ಒಪ್ಪಿತು. ಅಲ್ಲಿಗೆ ವಿಷಯ ಮುಗಿಯಿತೆಂದೇ ಅನ್ನಿಸಿರಬೇಕು.

ಆ ಪತ್ರದಲ್ಲಿ ಏನಿತ್ತು?

ಟೊರಾಂಟೊದ ಡೇವನ್‌ಪೋರ್ಟ್ ಕ್ಷೇತ್ರದ ಎನ್‌ಡಿಪಿ ಶಾಸಕಿ ಮರಿಟ್ ಸ್ಟೈಲ್ಸ್ 2018ರಲ್ಲಿ ಮೊದಲ ಸಲ ಸದನಕ್ಕೆ ಬಂದವರು. ಅದಕ್ಕೂ ಮೊದಲು ನಗರದ ಶಾಲಾ ಮಂಡಳಿಯಲ್ಲಿ ಚುನಾಯಿತ ಸದಸ್ಯೆಯಾಗಿದ್ದರು. 2022ರ ಡಿಸೆಂಬರ್‌ನಲ್ಲಿ, ಇನ್ನೂ ಪಕ್ಷದ ನಾಯಕಿಯ ಸ್ಥಾನ ವಹಿಸಿಕೊಳ್ಳುವ ಮೊದಲೇ, ಅವರು ಪ್ರಾಂತ್ಯದ ಇಂಟೆಗ್ರಿಟಿ ಕಮಿಷನರ್ ಡೇವಿಡ್ ವೇಕ್ ಅವರಿಗೆ ಲಿಖಿತ ದೂರು ಕೊಟ್ಟರು. ವಸತಿ ಸಚಿವ ಸ್ಟೀವ್ ಕ್ಲಾರ್ಕ್ ಶಾಸಕರ ನಡವಳಿಕೆಯ ಕಾಯ್ದೆಯನ್ನು ಮುರಿದಿದ್ದಾರೆಯೇ, ಖಾಸಗಿಯವರಿಗೆ ಲಾಭವಾಗುವಂತೆ ನಡೆದುಕೊಂಡರೇ, ಒಳಗಿನ ಮಾಹಿತಿ ಹೊರಹೋಯಿತೇ ಎಂದು ವಿಚಾರಿಸಿ ಎಂಬುದು ಅದರ ಸಾರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕರ್ನಾಟಕದ ಲೋಕಾಯುಕ್ತಕ್ಕೆ ಸಾಮಾನ್ಯ ನಾಗರಿಕರೂ ದೂರು ಕೊಡಬಹುದು. 1994ರ ಒಂಟಾರಿಯೊ ಕಾಯ್ದೆ ಹಾಗಿಲ್ಲ. ಒಬ್ಬ ಶಾಸಕನ ನಡವಳಿಕೆ ಬಗ್ಗೆ ಕಮಿಷನರ್ ಅಭಿಪ್ರಾಯ ಕೇಳುವ ಹಕ್ಕು ಅಲ್ಲಿ ಮತ್ತೊಬ್ಬ ಶಾಸಕನಿಗಿದೆ, ದಾರಿಹೋಕನಿಗಿಲ್ಲ. ದೂರಿಗೆ ಆಧಾರವೇನು, ಯಾವ ಕಲಂ ಉಲ್ಲಂಘನೆಯಾಗಿದೆ ಎಂದು ಬರೆದುಕೊಡಬೇಕು. ಹುರುಳಿಲ್ಲದ ದೂರನ್ನು ಕಮಿಷನರ್ ತಳ್ಳಿಹಾಕಬಹುದು. ಹಾಗಾಗಿ 35 ಸಾವಿರ ಜನ ವಿರೋಧಿಸಿ ಬರೆದರೂ ತೆರೆಯದ ಬಾಗಿಲು, ಒಬ್ಬ ಶಾಸಕಿ ಸರಿಯಾದ ಕಲಂ ಹಿಡಿದು ಬರೆದರೆ ತೆರೆಯುತ್ತದೆ. ಬಾಗಿಲು ತೆರೆದ ಮೇಲೆ ಬಹುಮತದ ಮಾತು ನಡೆಯುವುದಿಲ್ಲ. ಕಮಿಷನರ್ ಸರ್ಕಾರದ ಅಧಿಕಾರಿಯಲ್ಲ, ಶಾಸನಸಭೆಯ ಅಧಿಕಾರಿ. ಸಚಿವರನ್ನೂ ಅವರ ಸಿಬ್ಬಂದಿಯನ್ನೂ ಪ್ರಮಾಣ ಮಾಡಿಸಿ ಪ್ರಶ್ನಿಸಬಹುದು, ಕಾಗದಪತ್ರ ತರಿಸಬಹುದು.

ಜೊತೆಗೆ ಇನ್ನೊಂದು ಬಾಗಿಲನ್ನೂ ತಟ್ಟಲಾಯಿತು. ಮೂರೂ ವಿರೋಧ ಪಕ್ಷಗಳ ನಾಯಕರು ಸೇರಿ, ಈ ಭೂ ಅದಲುಬದಲಿನ ಹಣಕಾಸು ಮತ್ತು ಪರಿಸರದ ಲೆಕ್ಕ ನೋಡಿ ಎಂದು ಆಡಿಟರ್ ಜನರಲ್ ಬಾನಿ ಲೈಸಿಕ್ ಅವರಿಗೆ ಬರೆದರು. ಚುನಾವಣೆಯಲ್ಲಿ ಒಬ್ಬರ ಮತವನ್ನು ಇನ್ನೊಬ್ಬರು ಕಸಿಯುವ ಪಕ್ಷಗಳು ಇವು. ಒಂದೇ ಪತ್ರಕ್ಕೆ ಸಹಿ ಹಾಕುವ ಬುದ್ಧಿ ಬಂದದ್ದು ಸಣ್ಣ ಮಾತಲ್ಲ. 2023ರ ಜನವರಿ 18ರಂದು, ಒಂದೇ ದಿನ, ಎರಡೂ ಕಚೇರಿಗಳು ತನಿಖೆ ಶುರುಮಾಡುತ್ತಿರುವುದಾಗಿ ಹೇಳಿದವು. ಫೆಬ್ರುವರಿ 4ರಂದು ಸ್ಟೈಲ್ಸ್ ಎನ್‌ಡಿಪಿ ನಾಯಕಿಯಾದರು, ಆ ಮೂಲಕ ವಿರೋಧ ಪಕ್ಷದ ನಾಯಕಿಯೂ ಆದರು.

ಆಗಸ್ಟ್‌ನಲ್ಲಿ ಬಂದ ಎರಡು ವರದಿ

ಆಡಿಟರ್ ಜನರಲ್ ವರದಿ ಆಗಸ್ಟ್ 9ಕ್ಕೆ ಬಂತು. 15 ಜಾಗಗಳಲ್ಲಿ 14ನ್ನು ಮುಂದಿಟ್ಟದ್ದು ವಸತಿ ಸಚಿವರ ಚೀಫ್ ಆಫ್ ಸ್ಟಾಫ್, ಅಂದರೆ ಸಚಿವರ ಖಾಸಗಿ ಕಚೇರಿಯ ಮುಖ್ಯಸ್ಥ. ಇಲಾಖೆಯ ಅಧಿಕಾರಿಗಳಿಂದ ಗೌಪ್ಯತೆಗೆ ಸಹಿ ಮಾಡಿಸಿಕೊಂಡು, ಮೂರೇ ವಾರದಲ್ಲಿ ಕೆಲಸ ಮುಗಿಸಲು ಹೇಳಲಾಗಿತ್ತು. ಜಾಗಗಳು ಪರಿಸರ ಮತ್ತು ಕೃಷಿಯ ಮಾನದಂಡದಲ್ಲಿ ಪಾಸಾಗುವುದಿಲ್ಲ ಎಂದು ಗೊತ್ತಾದಾಗ ಮಾನದಂಡವನ್ನೇ ಕೈಬಿಟ್ಟರು! ತೆಗೆದ ಜಮೀನಿನ ಬಹುಪಾಲು ಮೊದಲೆರಡು ದರ್ಜೆಯ ಕೃಷಿಭೂಮಿಯಾಗಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಕಟ್ಟಡ ಉದ್ಯಮದ ಔತಣಕೂಟವೊಂದರಲ್ಲಿ ಇಬ್ಬರು ಬಿಲ್ಡರ್‌ಗಳು ಈ ಚೀಫ್ ಆಫ್ ಸ್ಟಾಫ್ ಕೈಗೆ ತಮ್ಮ ಜಾಗಗಳ ಕಾಗದಪತ್ರ ಕೊಟ್ಟಿದ್ದರು. ಕೊನೆಗೆ ಗ್ರೀನ್‌ಬೆಲ್ಟ್‌ನಿಂದ ಹೊರಬಂದ ಜಮೀನಿನಲ್ಲಿ ಸುಮಾರು ಶೇ 92ರಷ್ಟು, ಆ ಇಬ್ಬರು ಸೂಚಿಸಿದ ಐದು ಜಾಗಗಳಿಗೆ ಸೇರಿದ್ದು. ಮಾಲೀಕರ ಜಮೀನಿನ ಮೌಲ್ಯ ಕನಿಷ್ಠ 830 ಕೋಟಿ ಡಾಲರ್ ಹೆಚ್ಚುವಂತಿತ್ತು. ಆಗಿನ ವಿನಿಮಯ ದರದಲ್ಲಿ ಸುಮಾರು 50 ಸಾವಿರ ಕೋಟಿ ರೂಪಾಯಿ. ರಾಜಕೀಯ ಸಿಬ್ಬಂದಿ ಇಮೇಲ್‌ಗಳನ್ನು ಅಳಿಸುತ್ತಿದ್ದುದನ್ನೂ ವರದಿ ಎತ್ತಿ ತೋರಿಸಿತು.

ಪ್ರಕ್ರಿಯೆ ಸರಿ ಇರಲಿಲ್ಲ ಎಂದು ಫೋರ್ಡ್ ಒಪ್ಪಿದರು. ವರದಿಯ 15 ಶಿಫಾರಸುಗಳಲ್ಲಿ 14ಕ್ಕೆ ಹೂಂ ಅಂದರು. ಒಪ್ಪದ ಆ ಒಂದು ಯಾವುದು? ಜಮೀನು ಬಿಟ್ಟುಕೊಟ್ಟ ತೀರ್ಮಾನವನ್ನು ಮರುಪರಿಶೀಲಿಸಿ ಎಂಬುದು. ಅಂದರೆ ಮುಖ್ಯವಾದದ್ದೇ. ಚೀಫ್ ಆಫ್ ಸ್ಟಾಫ್ ಆಗಸ್ಟ್ 22ರಂದು ರಾಜೀನಾಮೆ ಕೊಟ್ಟರು. ಬೇಸಿಗೆ ರಜೆಯಲ್ಲಿದ್ದ ಸದನವನ್ನು ತಕ್ಷಣ ಕರೆಯಿರಿ ಎಂದು ಸ್ಟೈಲ್ಸ್ ಒತ್ತಾಯಿಸಿದರೂ ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಸ್ಟ್ 30ರಂದು ಸ್ಟೈಲ್ಸ್ ದೂರಿನ ಮೇಲಿನ ವರದಿ ಹೊರಬಂತು. ಸಚಿವ ಕ್ಲಾರ್ಕ್ ಕಾಯ್ದೆಯ ಎರಡು ಕಲಂಗಳನ್ನು, ಅಂದರೆ ಹಿತಾಸಕ್ತಿ ಸಂಘರ್ಷ ಮತ್ತು ಒಳಮಾಹಿತಿಯ ಕಲಂಗಳನ್ನು, ಮುರಿದಿದ್ದಾರೆ ಎಂದು ಕಮಿಷನರ್ ಬರೆದರು. ತನ್ನ ಸಹಾಯಕ ಏನು ಮಾಡುತ್ತಿದ್ದಾನೆಂದು ನೋಡಬೇಕಾದ ಸಚಿವರು ನೋಡಲಿಲ್ಲ, ಅದರಿಂದ ಕೆಲವು ಬಿಲ್ಡರ್‌ಗಳ ಖಾಸಗಿ ಹಿತಕ್ಕೆ ಅನುಚಿತವಾಗಿ ಅನುಕೂಲವಾಯಿತು ಎಂಬುದು ತೀರ್ಮಾನ. ನನಗೆ ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಕೇಳಿ ಕೇಳಿ ಬೇಸತ್ತ ಭಾರತದ ಓದುಗರು ಈ ಸಾಲನ್ನು ಎರಡು ಸಲ ಓದಬೇಕು. ಗೊತ್ತುಮಾಡಿಕೊಳ್ಳದಿರುವುದನ್ನೇ ಕಮಿಷನರ್ ತಪ್ಪೆಂದು ಎಣಿಸಿದರು.

ಶಿಫಾರಸು ಮಾಡಿದ ಶಿಕ್ಷೆ ಮಾತ್ರ ಕೇವಲ ವಾಗ್ದಂಡನೆ. ಅದನ್ನು ವಿಧಿಸಲೂ ಸದನ ಒಪ್ಪಬೇಕು, ಸದನದಲ್ಲಿ ಬಹುಮತ ಯಾರದೆಂದು ಗೊತ್ತೇ ಇದೆ. ಆದರೆ ಅಷ್ಟು ಹೊತ್ತಿಗೆ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯ ಜನರ ಕೈಯಲ್ಲಿತ್ತು. ಸೆಪ್ಟೆಂಬರ್ 4ಕ್ಕೆ ಕ್ಲಾರ್ಕ್ ಸಚಿವ ಸ್ಥಾನ ಬಿಟ್ಟರು. ಬಿಲ್ಡರ್ ಒಬ್ಬರೂ ಇದ್ದ ಲಾಸ್ ವೇಗಸ್ ಪ್ರವಾಸದ ದಿನಾಂಕದ ಬಗ್ಗೆ ಕಮಿಷನರ್‌ಗೆ ಕೊಟ್ಟ ಮಾಹಿತಿ ತಾಳೆಯಾಗದೆ, ಇನ್ನೊಬ್ಬ ಸಚಿವ ಖಲೀದ್ ರಶೀದ್ ಸೆಪ್ಟೆಂಬರ್ 20ರಂದು ಹೊರನಡೆದರು. ಮರುದಿನವೇ ಫೋರ್ಡ್ ಕ್ಷಮೆ ಕೇಳಿದ್ದು. ರಜೆ ಮುಗಿದು ಸದನ ಸೇರಬೇಕಿದ್ದದ್ದು ಸೆಪ್ಟೆಂಬರ್ 25ಕ್ಕೆ. ನಾಲ್ಕೇ ದಿನ ಬಾಕಿಯಿತ್ತು, ಮತ್ತು ಈ ಸಲ ವಿರೋಧ ಪಕ್ಷದ ಕೈಯಲ್ಲಿ ಎರಡು ವರದಿಗಳಿದ್ದವು.

ಹಾಗಾದರೆ ವಿರೋಧ ಪಕ್ಷ ಗೆದ್ದಿತೇ?

ಜಮೀನಿನ ವಿಷಯದಲ್ಲಿ ಹೌದು ಎನ್ನಬಹುದು, ಪೂರ್ತಿ ಶ್ರೇಯ ಅವರದಲ್ಲದಿದ್ದರೂ. ಪತ್ರಕರ್ತರು ಮೊದಲು ಕೆದಕದಿದ್ದರೆ ದೂರಿಗೆ ಆಧಾರವೇ ಇರುತ್ತಿರಲಿಲ್ಲ. ಊರೂರುಗಳಲ್ಲಿ ರೈತರು, ಪರಿಸರ ಸಂಘಟನೆಗಳು ಬಿಡದೆ ಕೂರದಿದ್ದರೆ ಆಡಳಿತ ಪಕ್ಷದ ಶಾಸಕರಿಗೆ ಬಿಸಿ ಮುಟ್ಟುತ್ತಿರಲಿಲ್ಲ. ಆದರೆ ಸುದ್ದಿಯನ್ನು ಸಾಕ್ಷ್ಯವಾಗಿ ಬದಲಿಸುವ ನಡುವಿನ ಕೊಂಡಿ ಶಾಸಕಿಯ ಆ ದೂರು.

ಮತಪೆಟ್ಟಿಗೆಯ ಲೆಕ್ಕ ಬೇರೆ. 2025ರ ಫೆಬ್ರುವರಿ 27ರ ಚುನಾವಣೆಯಲ್ಲಿ ಫೋರ್ಡ್ 80 ಸೀಟು ಗೆದ್ದು ಮೂರನೇ ಬಾರಿ ಬಹುಮತ ಪಡೆದರು. ಎನ್‌ಡಿಪಿ 27ಕ್ಕೆ ಇಳಿಯಿತು, ವಿರೋಧ ಪಕ್ಷದ ನಾಯಕಿಯ ಸ್ಥಾನ ಸ್ಟೈಲ್ಸ್ ಅವರಿಗೇ ಉಳಿಯಿತು. ಕ್ಲಾರ್ಕ್ 2024ರ ಜೂನ್‌ನಲ್ಲೇ ಸದನದ ಆಡಳಿತ ಪಕ್ಷದ ನಾಯಕರಾಗಿ ಫೋರ್ಡ್ ತಂಡಕ್ಕೆ ಮರಳಿದ್ದರು. ಕೆನಡಾದ ಕೇಂದ್ರ ಪೊಲೀಸ್ ಪಡೆ ಆರ್‌ಸಿಎಂಪಿ ಪ್ರಕರಣದ ತನಿಖೆ ಆರಂಭಿಸಿದ್ದು 2023ರ ಅಕ್ಟೋಬರ್‌ನಲ್ಲಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸದನ ಅಂಗೀಕರಿಸಿದ ಕಾಯ್ದೆ 15 ಜಾಗಗಳನ್ನೂ ಗ್ರೀನ್‌ಬೆಲ್ಟ್‌ಗೆ ಮರಳಿಸಿತು. ಜಮೀನು ಹೋಯಿತೆಂದು ಬಿಲ್ಡರ್‌ಗಳು ಸರ್ಕಾರದ ಮೇಲೆ ಪರಿಹಾರದ ದಾವೆ ಹೂಡುವ ದಾರಿಯನ್ನೂ ಮುಚ್ಚಿತು. ಮೊದಲು ಗ್ರೀನ್‌ಬೆಲ್ಟ್ ಗಡಿಯನ್ನು ಸಂಪುಟ ತನ್ನ ಆದೇಶದಿಂದಲೇ ಬದಲಿಸಬಹುದಿತ್ತು. ಈಗ ಗಡಿ ಕಾಯ್ದೆಯೊಳಗೇ ಸೇರಿದೆ. ಮುಂದೆ ಯಾವುದೇ ಸರ್ಕಾರ ಅದರಿಂದ ಒಂದು ಹೊಲ ತೆಗೆಯಬೇಕಾದರೂ ಸದನಕ್ಕೆ ಮಸೂದೆ ತಂದು, ವಿರೋಧ ಪಕ್ಷದವರ ಎದುರು ಚರ್ಚೆ ನಡೆಸಬೇಕು.