ನೇಗಿಲಿಗೆ ವಿದ್ಯುಚ್ಛಕ್ತಿ

ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬುದು ನಮ್ಮ ಒಕ್ಕಲು ಮಕ್ಕಳ ಮಾತು. ಮಳೆ ಬಿದ್ದು ನೆಲ ಹದಗೊಂಡ ನಾಲ್ಕಾರು ದಿನಗಳಲ್ಲಿ ಉಳುಮೆ ಮುಗಿಯದಿದ್ದರೆ ವರುಷದ ಬೆಳೆಯೇ ಕೈತಪ್ಪಬಹುದು. ಬೇಸಾಯದ ಯಂತ್ರಗಳನ್ನು ಡೀಸೆಲಿನಿಂದ ವಿದ್ಯುತ್ತಿಗೆ ತಿರುಗಿಸಬೇಕೆಂಬ ಮಾತು ಇಂದು ಕೇಳಿಬರುತ್ತಿದೆ. ಅದನ್ನು ಪರೀಕ್ಷಿಸಲು ಈ ಗಾದೆಗಿಂತ ಉತ್ತಮವಾದ ಒರೆಗಲ್ಲು ಬೇರೊಂದಿಲ್ಲ.

ವಿದ್ಯುತ್ತು ನಮ್ಮ ರೈತನಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿ ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ; 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಹೊಲದ ಸರದಿ ಬಂದುದು ಬಹುಕಾಲದ ಮೇಲೆ. ಬಂದ ಮೇಲಾದರೋ, ಏತ ಕಪಿಲೆಗಳು ಹಿಂದೆ ಸರಿದು ವಿದ್ಯುತ್ ಪಂಪು ಅವುಗಳ ಎಡೆಯಲ್ಲಿ ನೆಲೆಸಿತು. ಅಕ್ಕಿಯ ಗಿರಣಿ, ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರಗಳ ಕಥೆಯೂ ಇದೇ. ಇವೆಲ್ಲ ನಿಂತಲ್ಲಿಯೇ ದುಡಿಯುವ ಯಂತ್ರಗಳು. ತಂತಿ ಬಳಿಗೆ ಬಂದರೆ ಸಾಕು.

ನೇಗಿಲಿನ ಪಾಡು ಹಾಗಲ್ಲ, ಅದು ನಡೆಯಬೇಕು. ಕಳೆದ ಶತಮಾನದ ನಡುವಿನಲ್ಲಿ ಸೋವಿಯತ್ ದೇಶದವರು ಉದ್ದವಾದ ತಂತಿಯನ್ನು ಎಳೆದುಕೊಂಡು ಉಳುವ ಟ್ರಾಕ್ಟರುಗಳನ್ನು ಪ್ರಯೋಗಿಸಿ ನೋಡಿದರು. ಆ ಪದ್ಧತಿ ಉಳಿದು ಬೆಳೆಯಲಿಲ್ಲ. ಈಗ ತಂತಿಯ ಬದಲು ಬ್ಯಾಟರಿ ಬಂದಿದೆ. ನಮ್ಮ ದೇಶದಲ್ಲಿಯೇ 2020ರಲ್ಲಿ ಸೋನಾಲಿಕಾ ಸಂಸ್ಥೆಯು ವಿದ್ಯುತ್ ಟ್ರಾಕ್ಟರನ್ನು ಹೊರತಂದಿತು. ಅದರ ಬ್ಯಾಟರಿ ಸುಮಾರು 25 ಯೂನಿಟ್ಟುಗಳದು. ಮನೆಯ ಸಂಪರ್ಕದಿಂದ ಅದು ತುಂಬಲು 10 ಗಂಟೆ ಬೇಕೆಂದು ತಯಾರಕರೇ ತಿಳಿಸಿದ್ದರು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಇಂಜಿನು ಅದರಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ದುಡಿಮೆಗೆ ತರುತ್ತದೆ. ಉಳಿದುದು ಬಿಸಿಯಾಗಿ, ಹೊಗೆಯೊಡನೆ ಹೋಗುತ್ತದೆ. ವಿದ್ಯುತ್ ಮೋಟಾರಾದರೋ ಪಡೆದುದರ ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆದರೂ 25 ಯೂನಿಟ್ಟಿನ ಬ್ಯಾಟರಿ ಏಳೆಂಟು ಲೀಟರ್ ಡೀಸೆಲಿಗೆ ಮಾತ್ರ ಸಮ. ಆಳವಾದ ಉಳುಮೆಗೆ ಗಂಟೆಗೆ 15 ಯೂನಿಟ್ಟು ಬೇಕಾದರೆ, ಎರಡು ಗಂಟೆಯೊಳಗೆ ಬ್ಯಾಟರಿ ಬರಿದು. ಡೀಸೆಲನ್ನು ಐದು ನಿಮಿಷದಲ್ಲಿ ಮತ್ತೆ ತುಂಬಬಹುದು. ಬ್ಯಾಟರಿಯನ್ನು ಕಾಯಬೇಕು, ಹದವೋ ಕಾಯುವುದಿಲ್ಲ!

ಹಾಗೆಂದು ಈ ಯಂತ್ರಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕಳೆ ತೆಗೆಯುವುದು, ಔಷಧ ಸಿಂಪಡಿಸುವುದು, ತೋಟದ ಸಾಲುಗಳ ನಡುವೆ ಹಗುರವಾಗಿ ಹರಗುವುದು, ಗೊಬ್ಬರ ಸಾಗಿಸುವುದು, ಇಂಥ ಕೆಲಸಗಳಿಗೆ ಅವು ಇಂದೇ ಯೋಗ್ಯವಾಗಿವೆ. ಹೊಗೆಯಿಲ್ಲ, ಸದ್ದು ಕಡಿಮೆ, ಎಣ್ಣೆ ಬದಲಾಯಿಸುವ ತೊಡಕು ಕಡಿಮೆ. ಬ್ಯಾಟರಿಯ ಭಾರವೂ ಒಣನೆಲದಲ್ಲಿ ಚಕ್ರಕ್ಕೆ ಹಿಡಿತವನ್ನು ಕೊಡುತ್ತದೆ. ಕೆಸರುಗದ್ದೆಯಲ್ಲಿ ಮಾತ್ರ ಅದೇ ಭಾರ ಹೊರೆಯಾದೀತು.

ಆದರೆ ನಷ್ಟವಾದರೆ ಹೊರುವವರು ಯಾರು? ಎರಡೆಕರೆಯ ರೈತನಿಗೆ ಸ್ವಂತ ಟ್ರಾಕ್ಟರೆಲ್ಲಿಯದು? ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಉಳಿಸುವವನು ಅವನು. ಪಂಪಿಗೆ ಬರುವ ಮೂರು ಫೇಸಿನ ವಿದ್ಯುತ್ತೇ ದಿನಕ್ಕೆ ಕೆಲವು ಗಂಟೆ, ಹಲವೆಡೆ ಅದೂ ಅಪರಾತ್ರಿಯಲ್ಲಿ. ಇಂಥ ಕಡೆ ಸಾಲ ಮಾಡಿ ಹೊಸ ಯಂತ್ರವನ್ನು ಕೊಳ್ಳೆಂದು ಬೋಧಿಸುವುದು ಸುಲಭ. ಕಂತು ಕಟ್ಟುವುದು ಸುಲಭವಲ್ಲ.

ಬೆಳಗಾವಿಯ ನೆಲದಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಗುಲಿದರೆ ಮಣ್ಣಿಗೆ ವಿಷವೇರುವುದೆಂದು ರೈತರು ಅಂಜಿದರಂತೆ. ಇಂದಿನ ರೈತನ ಹಿಂಜರಿಕೆ ಅಂಥ ಅಂಜಿಕೆಯಲ್ಲ, ಲೆಕ್ಕಾಚಾರ. ಆದುದರಿಂದ ಹೊಸ ಯಂತ್ರಗಳು ಮೊದಲು ಬರಬೇಕಾದುದು ಅವನ ಅಂಗಳಕ್ಕಲ್ಲ, ಬಾಡಿಗೆಗೆ ಯಂತ್ರಗಳನ್ನು ಒದಗಿಸುವ ಕೃಷಿ ಯಂತ್ರಧಾರೆಯಂಥ ಕೇಂದ್ರಗಳಿಗೆ. ಅಲ್ಲಿ ಹಗಲಿನ ಬಿಸಿಲಿನಿಂದ ತುಂಬಿದ ಬ್ಯಾಟರಿಯೊಂದು ಬದಲಿಯಾಗಿ ಸಿದ್ಧವಿರಲಿ. ಪ್ರಯೋಗದ ನಷ್ಟವನ್ನು ಕೇಂದ್ರವೇ ಹೊರಲಿ. ಹದದ ದಿನಗಳಲ್ಲಿ ಯಂತ್ರ ಕೈಕೊಡದೆಂದು ಕಣ್ಣಾರೆ ಕಂಡ ರೈತನಿಗೆ ಯಾರ ಉಪದೇಶವೂ ಬೇಕಾಗದು.